ಟಿಪ್ಪಣಿ ಸಾಹೇಬರು

ವಿಶ್ವವಿದ್ಯಾಲಯದ ಸಂಶೋಧನಾ ಕೊಠಡಿಯಲ್ಲಿ ಎಲ್ಲರಿಗೂ ಒಂದೇ ಥರದ ಕುರ್ಚಿ. ಸಾಹೇಬರು ಮಾತ್ರ ತಮ್ಮದಕ್ಕೆ ಬಿಳಿ ಟರ್ಕಿ ಟವೆಲ್ ಹೊದಿಸಿಕೊಂಡಿದ್ದರು. ಬೆಂಗಳೂರಿನ ಸರ್ಕಾರಿ ಇಲಾಖೆಯೊಂದರಿಂದ ಅಧ್ಯಯನ ರಜೆ ಹಾಕಿ, ಸಾರ್ವಜನಿಕ ಆಡಳಿತದಲ್ಲಿ ಪಿಎಚ್.ಡಿ. ಮಾಡಲು ಮಲೇಷ್ಯಾಕ್ಕೆ ಬಂದವರು. ವಿಷಯ, ‘ನಾಗರಿಕ ಸೇವೆಯಲ್ಲಿ ವಿಳಂಬ’. ಆ ವಿಷಯದಲ್ಲಿ ಅವರಿಗಿದ್ದಷ್ಟು ಅನುಭವ ಯಾವ ಪುಸ್ತಕಕ್ಕೂ ಇರಲಿಲ್ಲ ಬಿಡಿ.

ಒಮ್ಮೆ ಅಲ್ಲಿನ ಆಡಳಿತ ರಾಜಧಾನಿ ಪುತ್ರಜಯಾದ ಸರ್ಕಾರಿ ಕಚೇರಿಗಳನ್ನು ನೋಡಿ ಬಂದು ಮರುಗಿದರು: “ಕೌಂಟರಿನಲ್ಲೇ ಕೆಲಸ ಮುಗಿಸಿ ಕಳಿಸ್ತಾರಲ್ರೀ! ಮೇಲಿನೋರಿಗೆ ಇನ್ನೇನು ಉಳೀತು?” ನಮ್ಮಿಬ್ಬರ ಗೈಡ್ ಮೇಡಂ, ಸಾಹೇಬರ ಅಧ್ಯಾಯ ತಿದ್ದಿ ಕೊಟ್ಟರೆ, ಕೆಳಗೆ ಹಸಿರು ಇಂಕಿನಲ್ಲಿ ‘ಪರಿಶೀಲಿಸಿ ಮಂಡಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು ಆಕೆಗೇ ವಾಪಸು ಕಳಿಸಿದ ಪುಣ್ಯಾತ್ಮ.

ನಗುತ್ತಿದ್ದ ನಾನೇ ಅವರ ಕೈಗೆ ಸಿಕ್ಕಿಬಿದ್ದೆ. ನನ್ನ ಸಂಶೋಧನೆ ವೃದ್ಧಾಪ್ಯ ವೇತನದ ಅರ್ಜಿಗಳ ಮೇಲೆ. ಆ ಅರ್ಜಿಗಳನ್ನು ನೋಡುವ ಅವರ ಇಲಾಖೆಯ ಗುಮಾಸ್ತರನ್ನು ಮಾತಾಡಿಸಲು ಎರಡು ಸಾಲಿನ ಪರಿಚಯ ಪತ್ರ ಬೇಕಿತ್ತು. ಅದಿಲ್ಲದೆ ಮಾಹಿತಿ ಇಲ್ಲ, ಮಾಹಿತಿ ಇಲ್ಲದೆ ಪ್ರಬಂಧ ಇಲ್ಲ. ವೀಸಾ ಮುಗಿಯಲು ಒಂದೇ ವರ್ಷ.

“ಅರ್ಜಿ ಕೊಡೀಮ್ಮಾ, ನೋಡೋಣ” ಅಂದರು. ಪಕ್ಕದ ಕುರ್ಚಿಯಲ್ಲಿ ಕೂತೇ ಅರ್ಜಿ ಬರೆದೆ. ವಾರದ ಮೇಲೆ ಅದರ ಮೇಲೊಂದು ಟಿಪ್ಪಣಿ ಬಂತು: ‘ಹಿಂದಿನ ನಿದರ್ಶನವಿದೆಯೇ?’ ಉತ್ತರ ಬರೆದೆ. ‘ಚರ್ಚಿಸಿ.’ ಚರ್ಚಿಸಿದೆ. ‘ಚರ್ಚಿಸಿದ್ದು ಯಾವಾಗ?’

“ಸರ್, ಕೊಡಲ್ಲ ಅಂತಾದ್ರೂ ಹೇಳಿಬಿಡಿ.”

“ಛೆ ಛೆ! ಇಲ್ಲ ಅನ್ನೋಕೆ ನಾನ್ಯಾರಮ್ಮಾ? ಹಾಗಂತ ಹೂಂ ಅಂದು, ನಾಳೆ ಆಡಿಟ್ನೋರು ಕೇಳಿದ್ರೆ?”

ನಮ್ಮಜ್ಜಿ ಹೇಳುತ್ತಿದ್ದಳು: ಒಲ್ಲೆ ಅನ್ನೋನ ಕಾಲಿಗಾದರೂ ಬೀಳು, ನೋಡೋಣ ಅನ್ನೋನ ಹೊಸಿಲು ತುಳೀಬೇಡ.

ಎಂಟು ತಿಂಗಳಿಗೆ ಹನ್ನೊಂದು ಟಿಪ್ಪಣಿ ಆದವು, ಪತ್ರ ಮಾತ್ರ ಬರಲಿಲ್ಲ. ಅಳುತ್ತಾ ಹೋಗಿ ಆ ಅರ್ಜಿಯನ್ನು ಮೇಡಂ ಮುಂದಿಟ್ಟು, ಒಂದೊಂದೇ ಟಿಪ್ಪಣಿಯ ಅರ್ಥ ಹೇಳಿದೆ. ಮಾತಿಗೊಂದು ‘ಲಾ’ ಸೇರಿಸುವ ಮಲಯ್ ಹೆಂಗಸು, ನಗು ತಡೆಯಲಾರದೆ ಮೇಜು ಹಿಡಿದುಕೊಂಡರು. “ಇದನ್ನೇ ಬರಿ ಲಾ! ಇದಕ್ಕಿಂತ ಮಾಹಿತಿ ಬೇಕಾ?”

ಸಾಹೇಬರ ಒಪ್ಪಿಗೆ ಕೇಳಿದೆ. ಹೆಸರು ಹಾಕುವುದಿಲ್ಲ ಎಂದೂ ಹೇಳಿದೆ. “ನನ್ನ ಬರಹ ಪ್ರಬಂಧಕ್ಕೆ ಬೇಕಾ! ಎಲ್ಲಿ ಸಹಿ?” ಅಂತ ಉಬ್ಬಿಹೋದರು. ಬಂದ ದಿನವೇ ಅವರು ವಿಲೇವಾರಿ ಮಾಡಿದ ಕಾಗದ ಅದೊಂದೇ.

ಅಂತಿಮ ಮಂಡನೆಯ ದಿನ ಹನ್ನೊಂದನ್ನೂ ಓದಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಸಾಹೇಬರು ಎದ್ದು ನಿಂತು, ಸುತ್ತ ತಿರುಗಿ ಕೈ ಮುಗಿದರು. ಹೆಸರು ಮುಚ್ಚಿಡಲು ನಾನು ಪಟ್ಟ ಪಾಡು ಅಲ್ಲಿಗೆ ಮುಗಿಯಿತು.

ಆಮೇಲೆ ಮಾಮಕ್ ಅಂಗಡಿಯಲ್ಲಿ, ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನನ್ನ ಖರ್ಚಿನ ಟೀ ಹೀರುತ್ತಾ ಹೇಳಿದರು: “ನೋಡೀಮ್ಮಾ, ಮೊದಲ ದಿನವೇ ಪತ್ರ ಕೊಟ್ಟುಬಿಟ್ಟಿದ್ರೆ ನಿಮಗೆ ಇಷ್ಟೆಲ್ಲ ಸಿಗ್ತಿತ್ತಾ?” ಸುಡುಗಾಡು, ಅವರಿಗೆ ಇನ್ನೊಂದು ಟೀ ಹೇಳಿದೆ.

ನಾನು ಅವರನ್ನು ಕಂಡದ್ದು ಅದೇ ಕೊನೆ. ರಜೆ ಮುಗಿದು, ಒಂದು ಅಧ್ಯಾಯವನ್ನೂ ಪೂರೈಸದೆ ಊರಿಗೆ ಹೊರಟುಹೋದರು. ಈಗ ಹೊಸದಾಗಿ ಸೇರಿದ ಅಧಿಕಾರಿಗಳಿಗೆ ಪಾಠ ಮಾಡುತ್ತಾರಂತೆ. ನನ್ನ ಪ್ರಬಂಧವನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಾರಂತೆ, ಟಿಪ್ಪಣಿ ಅಂದರೆ ಹೀಗೆ ಬರೀಬೇಕು ಅಂತ.