ಹರಿಹರದವಳ ಪರವಾಗಿ

ಮಸ್ಕತ್ತಿನಲ್ಲಿರುವ ನನ್ನ ಗೆಳತಿ ಈಗಲೂ ನನ್ನನ್ನು ಹೊಗಳುತ್ತಾಳೆ. ನೀನಿಲ್ಲದಿದ್ದರೆ ನಾವು ಮೂವರೂ ದಿಕ್ಕಿಗೊಬ್ಬರಾಗುತ್ತಿದ್ದೆವು ಎನ್ನುತ್ತಾಳೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ದಾವಣಗೆರೆಯ ಕಾಲೇಜಿನಲ್ಲಿ ಮೂವರೂ ಒಂದೇ ಬೆಂಚು. ಒಬ್ಬಳು ಗಂಡನ ಆಸ್ಪತ್ರೆ ಕೆಲಸದ ದೆಸೆಯಿಂದ ಮಸ್ಕತ್ತಿಗೆ ಹೋದಳು. ಇನ್ನೊಬ್ಬಳನ್ನು ಹರಿಹರದ ಜವಳಿ ಅಂಗಡಿಯವರ ಮನೆಗೆ ಕೊಟ್ಟರು. ನಾನು ನಿಜಲಿಂಗಪ್ಪ ಬಡಾವಣೆಯ ತವರಿನಲ್ಲೇ ಉಳಿದು ಒಂದು ಕಚೇರಿಯಲ್ಲಿ ಗುಮಾಸ್ತೆಯಾದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ಒಂದು ಬ್ರೌಸಿಂಗ್ ಸೆಂಟರ್ ತೆರೆಯಿತು. ಇನ್ನು ಯಾರೂ ದೂರವಿಲ್ಲ ಎಂದು ಮಸ್ಕತ್ತಿನವಳು ಮೊದಲ ಮೇಲ್‌ನಲ್ಲೇ ಬರೆದಳು. ದೂರ ಹೋದವರಿಗೆ ಇಂಥ ಮಾತು ಸಲೀಸು.

ಹರಿಹರದವಳು ಸೆಂಟರಿಗೆ ಬರುವಂತಿರಲಿಲ್ಲ. ಫೋನು ಇದ್ದದ್ದು ಅಂಗಡಿಯಲ್ಲಿ, ಮಾವನ ಪಕ್ಕದಲ್ಲಿ. ಅಲ್ಲಿ ನಿಂತು ಸೊಸೆ ಗೆಳತಿಯ ಜೊತೆ ಮಾತಾಡುವುದುಂಟೆ? ಹಾಗಾಗಿ ಅವಳಿಗೂ ನನಗೂ ಸೇರಿ ಒಂದೇ ಇಮೇಲ್ ವಿಳಾಸ, ನನ್ನದು. ಶನಿವಾರ ಕಚೇರಿ ಬಿಟ್ಟ ಮೇಲೆ ಅವಳ ಪಾಲಿನ ಮೇಲ್ ಪ್ರಿಂಟ್ ತೆಗೆಸಿ ಹರಿಹರದ ಬಸ್ಸು ಹತ್ತುತ್ತಿದ್ದೆ. ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟ ಉತ್ತರವನ್ನು ತಂದು, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೆ. ಅರ್ಧ ಗಂಟೆಯ ದಾರಿ, ಅಷ್ಟೇ.

ಆ ಅರ್ಧ ಗಂಟೆಯೇ ನನಗೆ ಭಾರವಾಗತೊಡಗಿತು. ಕಾರಣ ಬಸ್ಸಲ್ಲ. ಮಸ್ಕತ್ತಿನ ಮೇಲ್ ಎರಡು ಪುಟ ಬರುತ್ತಿತ್ತು. ಅಲ್ಲಿನ ಸೆಖೆ, ಗಂಡನ ಸಿಡುಕು, ಬಸಿರು ನಿಲ್ಲದ ಸಂಕಟ, ಎಲ್ಲ ಹರಿಹರದವಳಿಗೆ. ಕೊನೆಯಲ್ಲಿ ನನಗೆ ಎರಡು ಸಾಲು: 'ಇದನ್ನ ಅವಳಿಗೆ ಮುಟ್ಟಿಸೇ. ನೀನು ಆರಾಮ ಇದ್ದೀಯಲ್ಲ?' ನಾನು ಅಂಚೆಯವಳು. ಮದುವೆಯಾಗದೆ ಮನೆಯಲ್ಲಿ ಕೂತವಳಿಗೆ ಹೇಳಿಕೊಳ್ಳಲು ಏನಿರುತ್ತದೆ ಎಂದು ಇಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದರು. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಒಂದು ಶನಿವಾರ ಹೋದಾಗ ಹರಿಹರದವಳ ಕಣ್ಣುಗಳು ಹಳದಿಯಾಗಿದ್ದವು. ಕಾಮಾಲೆ ಎಂದು ಮನೆಯವರು ನಾಟಿ ಔಷಧಿ ಕುಡಿಸಿ, ಉಪ್ಪಿಲ್ಲದ ಅನ್ನ ಮಜ್ಜಿಗೆಯ ಪಥ್ಯ ಹಿಡಿಸಿದ್ದರು. ಉಕ್ಕಡಗಾತ್ರಿಯ ಗುಡಿಗೂ ಕರೆದುಕೊಂಡು ಹೋಗಿ ಬಂದಿದ್ದರು. ಅವತ್ತು ಅವಳಿಗೆ ಬರೆಯಲು ಆಗಲಿಲ್ಲ.

"ನೀನೇ ನನ್ನ ಪರವಾಗಿ ನಾಕು ಮಾತು ಬರೆದುಬಿಡೇ" ಅಂದಳು. "ನಿನಗೆ ಗೊತ್ತೈತಲ್ಲ ನಾನು ಹೆಂಗ ಬರಿತೀನಿ ಅಂತ."

ಬರೆದೆ. ಕಾಮಾಲೆಯ ಸುದ್ದಿಯನ್ನೂ ಸೇರಿಸಿ, ಅವಳ ಧಾಟಿಯಲ್ಲೇ, ಅವಳಿಗಿಂತ ಚೆನ್ನಾಗಿ ಬರೆದೆ. ಮುಂದಿನ ವಾರ ಮಸ್ಕತ್ತಿನಿಂದ ಮೂರು ಪುಟ ಬಂತು. ನಿನ್ನ ಪತ್ರ ಓದಿ ಅತ್ತುಬಿಟ್ಟೆ, ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವಳು ನೀನೊಬ್ಬಳೇ ಎಂದಿತ್ತು. ಸೆಂಟರಿನ ಕುರ್ಚಿಯಲ್ಲಿ ಕೂತು ನಾನು ಅದನ್ನು ಮತ್ತೆ ಮತ್ತೆ ಓದಿದೆ. ನನಗೆ ಬರಬೇಕಾದ ಪ್ರೀತಿ ಕೊನೆಗೂ ಬಂದಿತ್ತು, ಬೇರೆಯವಳ ಹೆಸರಿನಲ್ಲಿ.

ಆ ಶನಿವಾರ ಹರಿಹರಕ್ಕೆ ಹೋಗಲಿಲ್ಲ. ಪ್ರಿಂಟೂ ತೆಗೆಸಲಿಲ್ಲ, ನೇರವಾಗಿ ಉತ್ತರ ಬರೆದೆ. ಮುಂದಿನ ಶನಿವಾರವೂ ಅಷ್ಟೆ. ಸೆಂಟರಿನ ಯಜಮಾನರು, "ಕೂಡ್ರಿ ಮೇಡಂ, ಲೈನ್ ಸಿಗವಲ್ದು, ಹತ್ತು ನಿಮಿಷ" ಅಂದರೆ ಅಷ್ಟು ಹೊತ್ತೂ ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ. ಹರಿಹರದಲ್ಲಿ ಹೇಗಿದ್ದಾಳೋ ಎಂದಲ್ಲ. ಕಾಮಾಲೆ ತಾನೇ, ಪಥ್ಯ ಮಾಡಿದರೆ ಇಳಿಯುತ್ತದೆ ಎಂದುಕೊಂಡಿದ್ದೆ.

ಮೂರನೆಯ ವಾರ ಮಸ್ಕತ್ತಿನವಳು ಕೇಳಿದಳು: 'ನಿನ್ನ ಕಾಮಾಲೆ ಹೆಂಗೈತೆ? ನಿಜ ಹೇಳು. ಬಾ ಅಂದರೆ ಇವರ ಕಾಲು ಹಿಡಿದಾದರೂ ಈ ತಿಂಗಳೇ ಬರ್ತೀನಿ.' ಈ ಪ್ರಶ್ನೆಯನ್ನು ನಾನು ಹರಿಹರಕ್ಕೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಅವಳು ಬಂದರೆ ಇಬ್ಬರೂ ಎದುರುಬದುರು ಕೂತು ಮಾತಾಡುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ. ಆ ಹೆದರಿಕೆಗೇ ಟೈಪ್ ಮಾಡಿದೆ: 'ನಾನು ಗುಂಡುಕಲ್ಲಿನಂಗೆ ಅದೀನಿ. ಈಗ ಬರಬ್ಯಾಡ. ಬೇಸಿಗೆಗೆ ಬಾ, ಹೊಳೆ ದಂಡೆಗೆ ಕೂತು ಮಂಡಕ್ಕಿ ತಿನ್ನಾಣ.'

ಇನ್ನೊಂದು ಶನಿವಾರ ಬರುವ ಮೊದಲೇ ಹರಿಹರದವಳ ಗಂಡ ನನ್ನ ಕಚೇರಿಗೆ ಫೋನ್ ಮಾಡಿದರು. ಲಿವರ್ ಪೂರ್ತಿ ಹೋಗಿತ್ತಂತೆ. ದಾವಣಗೆರೆಗೆ ತರುವಾಗ ದಾರಿಯಲ್ಲೇ ಹೋದಳು.

ನಾನು ಹೋದಾಗ ಅವಳ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡರು. "ಶನಿವಾರ ಬಂತಂದ್ರೆ ಬಾಗಿಲ ಕಡೀಗೇ ನೋಡೋಳವ್ವ. ಮಸ್ಕತ್ತಿನವಳಿಗೆ ಒಂದು ಸಲ ಬಂದು ಹೋಗು ಅಂತ ಬರೆಸಬೇಕು ಅಂತಿದ್ಲು. ಇರ್ಲಿ ಬಿಡು, ನಿನಗೂ ಕೆಲಸ ಇರ್ತಾವೆ." ಬೈದಿದ್ದರೆ ವಾಸಿಯಾಗಿತ್ತು.

ಸಾವಿನ ಸುದ್ದಿಯನ್ನೂ ನಾನೇ ಟೈಪ್ ಮಾಡಿದೆ. ಈ ಸಲ ನನ್ನ ಹೆಸರಿನಲ್ಲಿ.

ಬೇಸಿಗೆಗೆ ಮಸ್ಕತ್ತಿನವಳು ಬಂದಳು. ಹರಿಹರಕ್ಕೆ ಜೊತೆಯಲ್ಲಿ ಹೋದೆ; ಅವಳೊಬ್ಬಳನ್ನೇ ಆ ಮನೆಗೆ ಬಿಡಲು ನನಗೆ ಧೈರ್ಯವಿರಲಿಲ್ಲ. ಅತ್ತೆ ಕಾಫಿ ಕೊಟ್ಟರು, ಕಣ್ಣೊರೆಸಿಕೊಂಡರು, ಶನಿವಾರದ ಮಾತು ಎತ್ತಲಿಲ್ಲ. ನನ್ನ ಮುಖವನ್ನು ಮಾತ್ರ ಒಂದು ಸಲ ನೋಡಿದರು. ವಾಪಸ್ ಬರುವ ಬಸ್ಸಿನಲ್ಲಿ ಮಸ್ಕತ್ತಿನವಳು ಬ್ಯಾಗಿನಿಂದ ಮಡಚಿದ ಒಂದು ಪ್ರಿಂಟ್ ತೆಗೆದಳು. ಮಡಿಕೆಗಳು ಸವೆದು ಹರಿಯುವಂತಾಗಿದ್ದವು.

"ಅವಳೇ ಬರಬ್ಯಾಡ ಅಂದ್ಲು ನೋಡು. ಇಲ್ದಿದ್ರೆ ಓಡಿ ಬರ್ತಿದ್ದೆ" ಅಂದಳು. "ದಿನಾ ಒಂದು ಸಲ ಓದ್ತೀನಿ. ಓದಿದ್ರೆ ಅವಳ ದನೀನೇ ಕೇಳಿದಂಗ ಆಗ್ತೈತೆ."

ನನ್ನ ಕೈಗೆ ಕೊಟ್ಟಳು. ಗುಂಡುಕಲ್ಲು, ಹೊಳೆ ದಂಡೆ, ಮಂಡಕ್ಕಿ. ಪೂರ್ತಿ ಓದಿ, ಮಡಿಕೆ ಹರಿಯದ ಹಾಗೆ ಮಡಚಿ ವಾಪಸ್ ಕೊಟ್ಟೆ.

"ಹೌದು" ಅಂದೆ, "ಅವಳು ಹಂಗೇ ಮಾತಾಡ್ತಿದ್ಲು."