ಕಡೇ ಪಾಳಿಯ ಮನೆ

ನಮ್ಮ ಮಾವ ನೆಟ್ಟಗೆ ನಿಂತರೂ ಅವರ ಎರಡು ಕಾಲುಗಳ ನಡುವೆ ಒಂದು ಆಡಿನ ಮರಿ ಆರಾಮಾಗಿ ಹಾದು ಹೋಗುವಷ್ಟು ಜಾಗವಿರುತ್ತಿತ್ತು. ಹರೆಯವನ್ನೆಲ್ಲ ಕುದುರೆಯ ಬೆನ್ನ ಮೇಲೆ ಕಳೆದವರ ಕಾಲುಗಳು ಹಾಗೇ ಬಾಗುತ್ತವಂತೆ. ಅವರ ಅಜ್ಜ ಸವಣೂರು ನವಾಬರ ಕುದುರೆ ದಂಡಿನಲ್ಲಿದ್ದರಂತೆ. ಮಾವ ಸರ್ಕಾರದ ಕುದುರೆ ದಂಡಿಗೆ ಸೇರಿ, ಎಲ್ಲೋ ಬಡಗಣ ದೇಶದಲ್ಲಿ ಸವಾರರ ಮೇಲಿನ ರಿಸಾಲ್ದಾರರಾಗಿ, ಪಿಂಚಣಿ ತಗೊಂಡು ಹಿರೇಬೆಂಡಿಗೇರಿ ಹತ್ತಿರದ ನಮ್ಮೂರಿಗೆ ಬಂದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಊರಿನ ಹಿರಿತನ ಮಾವನದು, ಮನೆಯ ಹಿರಿತನ ನನ್ನದು.

ಯಾರಾದರೂ ಜಗಳ ಹೊತ್ತುಕೊಂಡು ನಮ್ಮ ಕಟ್ಟೆಗೆ ಬಂದರೆ ಮಾವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. "ಎತ್ತಿಗೆ ನೀರು ಕುಡಿಸಿ ಬಂದೀಯೇನು?" ಇಲ್ಲ ಅಂದರೆ ವಾಪಸ್ ಕಳಿಸುತ್ತಿದ್ದರು. ಅವನು ಕುಡಿಸಿ ಬರುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಇನ್ನರ್ಧ ಇಳಿಸಲು ನಾನು ಚಹಾ ಕಾಸಬೇಕಿತ್ತು. ಅದನ್ನು ಯಾರೂ ನೆನೆಸುವುದಿಲ್ಲ.

ಒಂದು ಬೇಸಿಗೆ ಕೆರೆ ಬತ್ತಿತು. ಊರಿಗೆಲ್ಲ ಉಳಿದದ್ದು ಒಂದೇ ಬಾವಿ. ದೊಡ್ಡ ಮನೆಯವರು ನಸುಕಿಗೇ ಸೇದಿಕೊಂಡು ಹೋಗುತ್ತಿದ್ದರು. ಕೆಳಗಿನ ಓಣಿಯವರಿಗೆ ಕೆಸರು ಸಿಗುತ್ತಿತ್ತು. ಮಾವ ಬಾವಿಯ ಕಟ್ಟೆ ಹತ್ತಿ ನಿಂತರು.

"ದಂಡಿನ್ಯಾಗ ಮೊದ್ಲು ಕುದುರಿ ಕುಡೀತಿತ್ತು, ಆಮ್ಯಾಲ ಸವಾರ, ಎಲ್ಲಾರಗಿಂತ ಕಡೀಕ ಸಾಹೇಬ. ನಾಳಿಂದ ಇಲ್ಲೂ ಹಂಗ. ಮೊದ್ಲು ದನ, ಆಮ್ಯಾಲ ಕೆಳಗಿನ ಓಣಿ, ಆಮ್ಯಾಲ ಉಳದಾವ್ರು. ಕಡೇ ಪಾಳಿ ನಮ್ಮನೀದು."

ಊರೆಲ್ಲ ತಲೆದೂಗಿತು. ಬಿಸಿಲಲ್ಲಿ ಕೊಡ ಹಿಡಿದು ಕಡೆಯಲ್ಲಿ ನಿಂತವಳು ಮಾತ್ರ ನಾನು.

ಆ ತಿಂಗಳೇ ನಮ್ಮ ನಾದಿನಿ ಶಾಂತವ್ವ ತವರಿಗೆ ಬಂದು ಹಡೆದಳು. ಬಾಣಂತಿಗೆ ದಿನಾ ಹಂಡೆ ತುಂಬ ಬಿಸಿನೀರು ಹಾಕಬೇಕು. ನನ್ನ ಪಾಳಿ ಬರುವಾಗ ಬಾವಿಯಲ್ಲಿ ಕೆಮ್ಮಣ್ಣಿನ ರಾಡಿ. ಸೋಸಿದರೂ ಅದು ಎಳೆಕೂಸಿನ ಮೈಗೆ ಹಾಕುವ ನೀರಲ್ಲ. ಸಂಜೆ ಮಾವ ಕೂತಿದ್ದ ನಮ್ಮ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತೆ.

"ಮಾವಾರ, ನಾಳೆ ನಮ್ಮ ಕೊಡ ಮೊದ್ಲು ಇಳೀಲಿ. ಮನ್ಯಾಗ ಬಾಣಂತಿ ಅದಾಳ್ರಿ."

"ಆಗೂದಿಲ್ಲ."

"ಬ್ಯಾರೆ ಮನ್ಯಾಗ ಬಾಣಂತಿ ಇದ್ದಿದ್ರ?"

"ಮುಂದ ಬಿಡ್ತಿದ್ದೆ."

"ಹಂಗಾದ್ರ ನಿಮ್ಮ ಮಗಳು ಬ್ಯಾರೆ ಮನ್ಯಾಗ ಹುಟ್ಟಬೇಕಿತ್ತು ಬಿಡ್ರಿ."

ಮಾವ ಮೀಸೆ ಮುಟ್ಟಿಕೊಂಡರು.

ಬೆಳಿಗ್ಗೆ ನೋಡಿದರೆ ಸಲಿಕೆಯೂ ಇಲ್ಲ, ಕೊಡವೂ ಇಲ್ಲ, ಮಾವನೂ ಇಲ್ಲ. ಬಾವಿಗೆ ಹೋದಾಗ ಕಂಡರು, ಊರಾಚೆಯ ಹಳ್ಳದ ಉಸುಕಿನಲ್ಲಿ ಒರತಿ ತೋಡಿ, ಒಸರಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಕೊಡ ತುಂಬಿ, ಹೆಗಲ ಮೇಲೆ ಹೊತ್ತು ತರುತ್ತಿದ್ದರು. ನಮ್ಮಲ್ಲಿ ಗಂಡಸರು ಕೊಡ ಹೊರುವುದಿಲ್ಲ. ಅದರಲ್ಲೂ ರುಮಾಲು ಸುತ್ತಿದ ರಿಸಾಲ್ದಾರರು. ಆ ಸೊಟ್ಟ ಕಾಲಿನ ನಡಿಗೆಗೆ ನೀರು ತುಳುಕಿ ಅಂಗಿಯೆಲ್ಲ ತೊಯ್ದಿತ್ತು. ಬಾವಿಯ ಹತ್ತಿರದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಯಾಕ್ರಿ ರಿಸಾಲ್ದಾರ್ರ, ಸೊಸಿ ಬೈದ್ಳೇನು?"

"ಬೈದ್ಳವಾ. ಛಲೋ ಬೈತಾಳ ಅಕಿ."

ಬಾಣಂತನ ಮುಗಿಯುವವರೆಗೂ ಅವರೇ ತಂದರು. ನಾನು ಬಚ್ಚಲಲ್ಲಿ ಶಾಂತವ್ವನಿಗೆ ನೀರು ಹಾಕುವಾಗ ಮಾವ ಹೊರಗೆ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ ಕೂತು ಕಟ್ಟಿಗೆ ಒಟ್ಟುತ್ತಿದ್ದರು. ಒಳಗೆ ಮಗಳು ಚೀರಿದರೆ ಸಾಕು, "ಭಾಳ ಸುಡಾಕತ್ತೇತೇನು?" ಎಂದು ಕೇಳುತ್ತಿದ್ದರು.

"ನೀವು ಸುಮ್ನ ಉರಿ ಹಾಕ್ರಿ," ಎನ್ನುತ್ತಿದ್ದೆ. ಊರಿಗೆ ಪಾಳಿ ಹಚ್ಚಿದ ಮನುಷ್ಯ ಸುಮ್ಮನೆ ಉರಿ ಹಾಕುತ್ತಿದ್ದರು.

ಒಂದು ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಮಲಗಿದ ಮಾವ ಏಳಲಿಲ್ಲ. ಶಾಂತವ್ವ ಹಾಡಿಕೊಂಡು ಅತ್ತಳು. ನನಗೆ ಬಂದವರಿಗೆ ಬೇಯಿಸಿ ಹಾಕುವುದರಲ್ಲೇ ದಿನ ಹೋಯಿತು, ಅಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಾವಿ ಮತ್ತೆ ತಳ ಕಂಡಿತು. ನಾನು ಕೊಡ ಹಿಡಿದು ಹೋದಾಗ ಕೆಳಗಿನ ಓಣಿಯ ಹಿರಿಯ ಹೆಂಗಸೊಬ್ಬಳು ಕೈಹಿಡಿದು ಎಳೆದಳು. "ಬಾ ನೀಲವ್ವ, ಮುಂದ ಬಾ. ರಿಸಾಲ್ದಾರ್ರು ಹ್ವಾದ್ರು. ನೀ ಇನ್ನ ಕಡೀಕ ಯಾಕ ನಿಲ್ತಿ?"

ನಾನೇನು ಬೇಡವೆನ್ನಲಿಲ್ಲ. ಮುಂದೆ ಹೋಗಿ ಎಲ್ಲರಿಗಿಂತ ಮೊದಲು ಸೇದಿಕೊಂಡೆ. ನೀರು ತಿಳಿಯಾಗಿತ್ತು, ತಣ್ಣಗಿತ್ತು. ಮನೆಗೆ ಬಂದವಳು ಕೊಡ ಇಳಿಸದೆ ಮಾವ ಕೂಡುತ್ತಿದ್ದ ಕಟ್ಟೆಯ ಮುಂದೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಯಾರೂ ಬೈಯಲಿಲ್ಲ.