ನೈವೇದ್ಯಕ್ಕೆ ಮುಂಚೆ ಉಪ್ಪು ನೋಡಿದ್ದು

ಹೃದಯದ ತೊಂದರೆ ಅಂತ ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ ಮೇಲೆ ನನ್ನ ನಾಲಿಗೆ ವಿಪರೀತ ಚುರುಕಾಯಿತು. ಟೊಮೇಟೊದಲ್ಲೂ ಉಪ್ಪು, ಹಾಲಲ್ಲೂ ಉಪ್ಪು. ನಲ್ಲಿಯಲ್ಲಿ ಬಂದಿದ್ದು ಕಾವೇರಿಯೋ ಬೋರ್ ನೀರೋ ಅಂತ ಒಂದೇ ಗುಟುಕಿಗೆ ಹೇಳುತ್ತಿದ್ದೆ. "ನಿನ್ನ ಬಾಯಲ್ಲೇ ಒಂದು ಲ್ಯಾಬ್ ಇಟ್ಟುಬಿಟ್ಟಿದ್ದಾರೆ ಕಣೆ" ಅಂತ ನಮ್ಮ ಯಜಮಾನರು ರೇಗಿಸೋರು.

ಶ್ರೀರಾಂಪುರದ ನಮ್ಮ ಮನೆಯಲ್ಲಿ ಅಡುಗೆ ಅಮ್ಮನದು. ಅಪ್ಪ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ನನಗೋಸ್ಕರ ಸಾರಿಗೆ ಅರ್ಧ ಚಮಚ ಉಪ್ಪು ಮಾತ್ರ. ಯಜಮಾನರು ಬೇಕಾದರೆ ತಟ್ಟೆಯಲ್ಲಿ ಹಾಕಿಕೊಳ್ಳಬೇಕು. ನೈವೇದ್ಯ ಆಗೋ ತನಕ ಅಮ್ಮ ಯಾವುದನ್ನೂ ಬಾಯಿಗೆ ಹಾಕಿ ನೋಡಿದವಳಲ್ಲ. ಮದುವೆಯಾದಾಗಿನಿಂದ ಅದೇ ನೇಮ, ಒಂದು ದಿನವೂ ರುಚಿ ತಪ್ಪಿರಲಿಲ್ಲ.

ಈಚೆಗೆ ಸಾರು ಕೆಲವು ದಿನ ಉಪ್ಪಾಗತೊಡಗಿತು. ಮಾರನೆ ಬೆಳಗ್ಗೆ ನನ್ನ ಕಾಲು ಊದಿಕೊಂಡಿರೋದು, ಒತ್ತಿದರೆ ಗುಳಿ ಬೀಳೋದು, ಮೆಟ್ಟಿಲು ಹತ್ತಿದರೆ ಏದುಸಿರು. ಹೇಳಿದರೆ ನಂಬೋರು ಯಾರು? ಉಪ್ಪು ಹೆಚ್ಚಾದ ದಿನವೇ ಯಜಮಾನರ ನಾಲಿಗೆಗೆ ಸರಿಹೋಗುತ್ತಿತ್ತು. "ಇವತ್ತು ಸಾರು ಹದವಾಗಿದೆ!" ಅಂತ ಒಂದು ದಿನ ಇನ್ನೊಂದು ಸಲ ಬಡಿಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನನ್ನ ಸಾಯಿಸಬೇಕು ಅಂತಿದ್ದೀಯೇನಮ್ಮ?" ಅಂದುಬಿಟ್ಟೆ. ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನನ್ನ ಈ ಹಾಳು ಬಾಯಿ!

ಮಾರನೆ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮ ಸಾರಿಗೆ ಅರ್ಧ ಚಮಚ ಉಪ್ಪು ಹಾಕಿದಳು. ಕೊತ್ತಂಬರಿ ಸೊಪ್ಪು ಹೆಚ್ಚಿದಳು. ತಿರುಗಿ ಬಂದು ಮತ್ತೆ ಅರ್ಧ ಚಮಚ ಹಾಕಿದಳು. ಮೂರನೇ ಸಲ ಜಾಡಿಯ ಮುಚ್ಚಳ ತೆಗೆದವಳು ಕೈ ತಡೆದು ನನ್ನನ್ನು ನೋಡಿದಳು. ಹೆದರಿದ್ದಳು.

ದೇವರ ಮುಂದೆ ದೀಪ ಉರಿಯುತ್ತಿತ್ತು. ಅಮ್ಮ ಬಟ್ಟಲಿಗೆ ಒಂದು ಸೌಟು ಸಾರು ಹಾಕಿ ನನ್ನ ಮುಂದೆ ಹಿಡಿದಳು. "ಹಾಕಿದ್ನೋ ಇಲ್ವೋ ಗೊತ್ತಾಗ್ತಿಲ್ಲ ಕಣೆ. ಉಪ್ಪು ನೋಡು."

"ನೈವೇದ್ಯ ಆಗಿಲ್ವಲ್ಲಮ್ಮ."

"ದೇವರು ಕಾಯ್ತಾನೆ. ನೀನು ನೋಡು."

ನೋಡಿದೆ. ಸುಳ್ಳು ಹೇಳಿಬಿಡೋಣ ಅನ್ನಿಸಿತು. ನಿಜ ಹೇಳಿದರೆ ಅಡುಗೆಮನೆ ಅವಳ ಕೈ ತಪ್ಪುತ್ತದೆ. ಆದರೆ ನನ್ನನ್ನು ನಂಬಿ ಕೇಳಿದ್ದಳು. "ಎರಡು ಸಲ ಹಾಕಿದ್ದೀಯಮ್ಮ" ಅಂದೆ.

ಅಮ್ಮ ತಲೆಯಾಡಿಸಿದಳು. ಉಪ್ಪಿನ ಜಾಡಿ ಎತ್ತಿಕೊಂಡು ನನ್ನ ಹತ್ತಿರ ಬಂದಳು. ನಾನು ಕೈ ಚಾಚಿದೆ.

"ಉಪ್ಪನ್ನ ಕೈಗೆ ಕೊಡಬಾರದು, ಜಗಳ ಆಗುತ್ತೆ" ಅಂತ ಜಾಡಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಂತಳು. ನಾನು ತೆಗೆದುಕೊಂಡೆ.